ನಾಲ್ಕನೇ ಹರಳು

ಟಪಾಲು ಹಂಚುವ ನೀಲವ್ವನ ತೊಡೆಯ ಸ್ನಾಯುವಿನೊಳಗೆ ಒಲೆ ಆರುತ್ತಾ ಬಂದಿತ್ತು. ಪಕ್ಕದಲ್ಲೇ ಕೊಬ್ಬು ಸೌದೆಯ ಹಾಗೆ ರಾಶಿ ಬಿದ್ದಿತ್ತು. ಮೆಟ್ಟಿಲು ಕಂಡರೆ ನೀಲವ್ವ ಕೂತುಬಿಡುತ್ತಿದ್ದಳು.

ಗಂಟಲಿನ ಥೈರಾಯ್ಡ್ ಗ್ರಂಥಿ ಕಳಿಸಿದ ಹಾರ್ಮೋನು ಸ್ನಾಯುವಿನ ಬಾಗಿಲಿಗೆ ಬಂತು. ಅದರ ಮೈಮೇಲೆ ಅಯೋಡಿನ್ನಿನ ನಾಲ್ಕು ಹರಳು ಹೊಳೆಯುತ್ತಿದ್ದವು.

"ದಯಮಾಡಿಸಿ ಸ್ವಾಮಿ" ಎಂದಿತು ಸ್ನಾಯು.

"ಮೊದಲು ಒಂದು ಹರಳು ಕಳಚು. ಹೊಸಿಲಲ್ಲಿ ಅದು ನಿನ್ನ ಕೆಲಸ" ಎಂದಿತು ಹಾರ್ಮೋನು.

"ಛೆ ಛೆ! ದೊಡ್ಡವರ ಒಡವೆಗೆ ನಾನು ಕೈ ಹಾಕುವುದೆ?"

ಸ್ನಾಯು ಹಾರ್ಮೋನನ್ನು ಹಾಗೇ ಒಳಗೆ ಕರೆದೊಯ್ದು, ಮಣೆ ಹಾಕಿ ಕೂರಿಸಿ ಕೈಮುಗಿಯಿತು. ಒಲೆ ಇನ್ನಷ್ಟು ಮಂಕಾಯಿತು.

ಕೊಬ್ಬಿಗೆ ರೇಗಿತು. "ಉರಿಯಲೆಂದು ಬಂದ ನಾನು ಇಲ್ಲಿ ಕೊಳೆಯುತ್ತಿದ್ದೇನೆ. ನಿನ್ನ ಮರ್ಯಾದೆ ಸಾಕು ಮಾರಾಯ, ಕಳಚು!"

ಸ್ನಾಯು ಕೊನೆಗೂ ಒಂದು ಹರಳು ಕಳಚಿತು. ಹಾರ್ಮೋನು ತಟ್ಟನೆ ಎದ್ದು, ಒಲೆಯ ಬಾಯಿ ಅಗಲಿಸಿ ಕೊಬ್ಬನ್ನು ಒಳಕ್ಕೆ ನೂಕಿತು. ಬೆಂಕಿ ಧಗಧಗ ಎದ್ದಿತು. ನೀಲವ್ವ ಮೂರನೇ ಮಹಡಿ ಹತ್ತಿ ಪತ್ರ ಮುಟ್ಟಿಸಿದಳು.

"ತಪ್ಪಾಯಿತು, ನಿಮ್ಮ ಘನತೆ ಕುಂದಿಸಿದೆ" ಎಂದಿತು ಸ್ನಾಯು.

ಹಾರ್ಮೋನು ನಕ್ಕಿತು. "ನಾಲ್ಕು ಹರಳಿದ್ದಾಗ ನಾನು ನಿನಗೆ ಬರೀ ಅತಿಥಿ. ಮೂರಾದ ಮೇಲೆ ಕೆಲಸದಾಳು. ನಾಳೆ ನನ್ನ ಅಣ್ಣತಮ್ಮಂದಿರು ಬಂದರೆ ಮಣೆ ಹುಡುಕಬೇಡ, ಹೊಸಿಲಲ್ಲೇ ಕೈ ಹಾಕು."