ಗಾದಿಲಿಂಗ ಗಾಡಿ ತಿರುಗಿಸಿದ್ದು

ಕೇಳ್ರಪ್ಪ, ನಮ್ಮೂರ ದಾರಿಗೆ ಇನ್ನೂ ಡಾಂಬರು ಬೀಳದ ಕಾಲದ ಮಾತು. ಬಳ್ಳಾರಿ ಸೀಮೆಯ ಈ ಕರಿಮಣ್ಣಿನ ಊರಲ್ಲೇ ಗಾದಿಲಿಂಗ ಅಂತ ಒಬ್ಬ ಇದ್ದನಂತೆ. ಕೂತಲ್ಲಿ ಕೂರುವ ಆಸಾಮಿಯಲ್ಲ. ಉಣ್ಣುವಾಗಲೂ ಒಂದು ಕಾಲು ಹೊಸ್ತಿಲಾಚೆ ಇರುತ್ತಿತ್ತಂತೆ. ಮಿಲಿಟರಿಯವರು ಹರಾಜಿಗಿಟ್ಟ ಮೋಟಾರ್ ಸೈಕಲ್ಲೊಂದನ್ನು ತಂದು, ತಾನೇ ಬಿಚ್ಚಿ, ತಾನೇ ಜೋಡಿಸಿದ. ಅದು ಶುರುವಾದರೆ ಆಚೆ ಊರಿನ ನಾಯಿಗಳೂ ಎದ್ದು ಬೊಗಳುತ್ತಿದ್ದವಂತೆ.

ಅಂಥವನಿಗೆ ಹಿಮ ನೋಡುವ ಹುಚ್ಚು ಹಿಡಿಯಿತು. ಗೆಳೆಯರಿಬ್ಬರನ್ನು, ಬಟ್ಟೆ ಹೊಲಿಯುವ ಖಾಜಾನನ್ನೂ ಹಿಟ್ಟಿನ ಗಿರಣಿಯ ಮಾರೆಪ್ಪನನ್ನೂ, ಎಬ್ಬಿಸಿಕೊಂಡು, ಒಣ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು, ಮೂವರೂ ಮೂರು ಗಾಡಿಯಲ್ಲಿ, ಉತ್ತರಕ್ಕೆ ಹೊರಟ. ಗಾದಿಲಿಂಗ ಯಾವಾಗಲೂ ಮುಂದೆ. ಖಾಜಾನದು ಮುದಿ ಗಾಡಿ, ಯಾವಾಗಲೂ ಹಿಂದೆ. ನದಿ ದಾಟಿದರು, ಕಾಡು ದಾಟಿದರು, ಮಾತು ತಿಳಿಯದ ಊರುಗಳನ್ನು ದಾಟಿದರು. ಗೆಳೆಯರ ಚಹಾ ಆರುವ ಮೊದಲೇ ಗಾದಿಲಿಂಗ ಕಿಕ್ ಹೊಡೆಯುತ್ತಿದ್ದನಂತೆ. ಪೆಟ್ರೋಲ್ ಮುಗಿದರೂ ಅವನ ಗಾಡಿ ಹಟಕ್ಕೇ ಓಡುತ್ತಿತ್ತು ಅನ್ನುವವರಿದ್ದಾರೆ. ಅವರು ಹೇಳ್ತಾರೆ, ನಾನಂತೂ ನೋಡಿಲ್ಲ.

ಕಡೆಗೊಂದು ಮಧ್ಯಾಹ್ನ, ತಿರುವು ದಾಟಿದ್ದೇ, ಎದುರಿಗೆ ಬೆಳ್ಳನೆ ಬೆಟ್ಟ. ಚಳಿಗಾಲ ಬಂದೇಬಿಟ್ಟಿತ್ತು. ಇವತ್ತೋ ನಾಳೆಯೋ ಮೇಲಿನ ದಾರಿ ಮುಚ್ಚುತ್ತದೆ ಎಂದು ಕೆಳಗಿನ ಹಳ್ಳಿಯವರು ಕೈಸನ್ನೆಯಲ್ಲೇ ಹೇಳಿದ್ದರು. ಗಾದಿಲಿಂಗ ಖುಷಿಗೆ ಕೂಗು ಹಾಕಿ ಹಿಂದೆ ನೋಡಿದ. ಮಾರೆಪ್ಪ ಇದ್ದ. ಖಾಜಾ ಇಲ್ಲ.

"ಬರ್ತಾನ ಬಿಡು, ನಡಿ," ಅಂದ ಮಾರೆಪ್ಪ. "ದಾರಿ ಮುಚ್ಚಿದ್ರ ಇಷ್ಟು ದೂರ ಬಂದಿದ್ದೆಲ್ಲಾ ದಂಡ."

ಗಾದಿಲಿಂಗ ಬೆಟ್ಟ ನೋಡಿದ. ಖಾಲಿ ದಾರಿ ನೋಡಿದ. ಮತ್ತೆ ಬೆಟ್ಟ ನೋಡಿದ. ಆಮೇಲೆ ಗಾಡಿ ತಿರುಗಿಸಿದ.

ಖಾಜಾ ದಾರಿ ಪಕ್ಕದ ಬಂಡೆಗಳ ನಡುವೆ ಕಾಲು ಮುರಿದುಕೊಂಡು ಬಿದ್ದಿದ್ದ. ತುಟಿ ನೀಲಿಗಟ್ಟಿತ್ತು.

"ಎಷ್ಟು ಕೂಗಿದೆನೋ ಲಿಂಗ. ನಿನ್ನ ಗಾಡಿ ಸದ್ದಿಗೆ ಕೇಳಿಸಲೇ ಇಲ್ಲ," ಅಂದ.

ಗಾದಿಲಿಂಗ ಮುರಿದ ಕಾಲಿಗೆ ಕೋಲು ಕಟ್ಟಿ, ಪಂಚೆ ಹರಿದು ಖಾಜಾನನ್ನು ತನ್ನ ಬೆನ್ನಿಗೆ ಬಿಗಿದುಕೊಂಡು, ಎತ್ತಿನಗಾಡಿಗಿಂತ ಮೆಲ್ಲಗೆ ಬೆಟ್ಟ ಇಳಿದನಂತೆ. ಖಾಜಾನ ಗಾಡಿಯನ್ನು ಮಾರೆಪ್ಪ ಹಳ್ಳಿಯವರ ಕೈಲಿ ಕೆಳಗೆ ತರಿಸಿದ. ಇವರು ಕೆಳಗೆ ಮುಟ್ಟುವಷ್ಟರಲ್ಲಿ ಮೇಲೆ ಹಿಮ ಬಿದ್ದು ದಾರಿ ಮುಚ್ಚಿತು.

ಆಸ್ಪತ್ರೆಯ ಅಂಗಳದಲ್ಲಿ ಅವನು ಅತ್ತಿಂದಿತ್ತ ತಿರುಗಿ ತಿರುಗಿ ಹುಲ್ಲೇ ಸವೆದು ಕಾಲುದಾರಿ ಬಿತ್ತಂತೆ. ಆದರೆ ಖಾಜಾನ ಮೂಳೆ ಕೂಡುವವರೆಗೆ ಗೇಟು ದಾಟಲಿಲ್ಲ. ಊರಿಗೆ ಮರಳುವಾಗ ಖಾಜಾನನ್ನು ಮುಂದೆ ಬಿಟ್ಟು, ತಾನು ಹಿಂದೆ ಹಿಂದೆ ಬಂದ. ಕೈ ಕಡಿಯುತ್ತಿತ್ತು, ಗಾಡಿ ಗುರುಗುಡುತ್ತಿತ್ತು, ಆದರೂ ಒಂದು ಸಲವೂ ಖಾಜಾನ ಗಾಡಿಯ ಮುಂದೆ ಹೋಗಲಿಲ್ಲ. ಹಿಮ ಅವನ ಕೈಗೆ ಸಿಗಲೇ ಇಲ್ಲ.

ಅವನು ಹೋಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ನಮ್ಮೂರವರು ಗುಂಪಾಗಿ ಗಾಡಿ ಹತ್ತಿದರೆ, ಎಲ್ಲಕ್ಕಿಂತ ನಿಧಾನದ ಗಾಡಿಯನ್ನೇ ಮುಂದೆ ಬಿಡುತ್ತಾರೆ. ಹೊಸ ಗಾಡಿಯವರು ಹಲ್ಲು ಕಚ್ಚಿಕೊಂಡು ಹಿಂದೆ ಬರುತ್ತಾರೆ. ಪರ ಊರಿನವರು ಹಾರ್ನ್ ಹೊಡೆದು, ಬೈದು, ದಾಟಿ ಹೋಗುತ್ತಾರೆ. ಹೋಗಲಿ.