ತಣ್ಣೊಲೆ ಕೆರೆ

ಕೆಂಗಲ್ಲುದುರ್ಗದ ಕೋಟೆಯಿಂದ ಮೂಡಲಿಗೆ ಹೊರಟರೆ ಬೋಳು ಗುಡ್ಡಗಳ ಸಾಲೊಂದು ಸಿಗುತ್ತದೆ. ಅದರ ಬುಡದಲ್ಲಿರುವುದೇ ತಣ್ಣೊಲೆ ಕೆರೆ. ನೀರು ನೋಡಲು ಬಲು ಚಂದ, ನವಿಲುಗರಿಯ ಬಣ್ಣ. ಆದರೆ ದಡದಲ್ಲಿ ಒಂದು ಹುಲ್ಲೆಸಳಿಲ್ಲ, ಕಪ್ಪೆಯ ದನಿಯಿಲ್ಲ. ಸುತ್ತ ಅದಿರು ಕರಗಿಸಿ ಚೆಲ್ಲಿದ ಕರಿಯ ಕಿಟ್ಟದ ದಿಬ್ಬಗಳು ಬಿಸಿಲಿಗೆ ಮಿರಮಿರ ಮಿಂಚುತ್ತವೆ. ಪ್ರವಾಸಿಗಳಿಗೆಂದು ನೆಟ್ಟ ಫಲಕದಲ್ಲಿ, ಪಾರುಪತ್ಯಗಾರ ಮಲ್ಲರಸಯ್ಯನೆಂಬ ಧರ್ಮಾತ್ಮ ಜನರ ಬಾಯಾರಿಕೆ ನೀಗಲೆಂದು ಈ ಕೆರೆಯನ್ನು ಕಾಪಾಡಿದನೆಂದು ಬರೆದಿದ್ದಾರೆ. ಬರೆದವರು ಯಾರೋ, ಬರೆಸಿದವರು ಯಾರೋ! ಧರ್ಮಾತ್ಮನಂತೆ! ನಮ್ಮ ಹಟ್ಟಿಯ ಹಿರಿಯರು ಹೇಳುವ ಕಥೆಯೇ ಬೇರೆ, ನಾನು ನಂಬುವುದೂ ಅದನ್ನೇ.

ಹಿಂದೆ ಒಮ್ಮೆ ಈ ಸೀಮೆಯನ್ನು ಸೂರಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ. ಗುಡ್ಡದ ಒಡಲಲ್ಲಿ ತಾಮ್ರ ಸಿಕ್ಕಿತು. ನೋಡುನೋಡುತ್ತಿದ್ದಂತೆ ಇಳಿಜಾರಿನ ತುಂಬ ಕುಲುಮೆಗಳೆದ್ದವು. ದೂರದ ರಾಜ್ಯಗಳ ಹಂಡೆ ಕೊಡಗಳಿಗೆಲ್ಲ ಇಲ್ಲಿಯದೇ ತಾಮ್ರ; ಇಂಥ ಸಿರಿವಂತ ಸೀಮೆ ಇನ್ನೊಂದಿಲ್ಲವೆಂದು ಹೊಗಳುಭಟರು ಹಾಡಿದರಂತೆ. ಇದ್ದಿಲಿಗಾಗಿ ಕಮರ, ತಪಸಿ, ಹೊನ್ನೆ ಎಂದು ನೋಡದೆ ಕಾಡನ್ನೆಲ್ಲ ಕಡಿದರು. ಹೊಗೆ ಇಳಿದ ಹೊಲಗಳಲ್ಲಿ ಸಜ್ಜೆ ತೆನೆಗಟ್ಟಲಿಲ್ಲ. ಗಣಿಯಿಂದ ಸೋರಿದ ನೀರೆಲ್ಲ ಕೆರೆಗೆ ಬಂದು ಬಿತ್ತು. ಒಬ್ಬ ರೈತ ಮರೆತು ಬಿಟ್ಟಿದ್ದ ಕುಡುಗೋಲು ಕೆಲದಿನಗಳ ಮೇಲೆ ಕೆರೆಯಲ್ಲಿ ಸಿಕ್ಕಾಗ, ಅದರ ಮೈಯೆಲ್ಲ ತಾಮ್ರದ ಹೊಳಪು. ಜನ ಬೆರಗಾಗಿ ಕೈಮುಗಿದರು. ಕುಲುಮೆಗಳ ಮೇಲ್ವಿಚಾರಣೆಗಿದ್ದ ಪಾರುಪತ್ಯಗಾರ ಮಲ್ಲರಸಯ್ಯ ತಾನೇ ಮುಂದಾಗಿ, ಕಬ್ಬಿಣವನ್ನು ತಾಮ್ರ ಮಾಡುವ ಕೆರೆಯಲ್ಲಿ ಗಂಗಮ್ಮ ನೆಲೆಸಿದ್ದಾಳೆಂದು ಡಂಗುರ ಸಾರಿಸಿದ. ಅವನಿಗೆ ನಿಜ ಗೊತ್ತಿರಲಿಲ್ಲ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗೊತ್ತಿಲ್ಲದವನು ತನ್ನ ಎತ್ತುಗಳಿಗೆ ಬೇರೆ ಕಡೆ ನೀರು ಕುಡಿಸುತ್ತಿದ್ದನೇ?

ಕೆರೆಯಾಚೆಯ ಹಟ್ಟಿಯಲ್ಲಿ ಕಾಟವ್ವ ಎಂಬ ಮುದುಕಿ ಇದ್ದಳು. ಕುರಿ ಸಾಕುವ ಮನೆತನ. ಕೆರೆಯಂಚಿಗೆ ಬಂದ ಕುರಿಗಳು ಮೂಸಿ ನೋಡಿ ಹಿಂದೆ ಸರಿದ ದಿನವೇ ಅವಳ ಮನಸ್ಸಿಗೆ ಅನುಮಾನ ಹೊಕ್ಕಿತು. ಆದರೆ ಸೊಸೆ ಸಿರಿಯಕ್ಕ ದೇವರ ನೀರೆಂದು ನಂಬಿ ಕುಡಿದಳು. ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ಅಂದಿನಿಂದ ಹಟ್ಟಿಯವರು ತಮ್ಮ ಸಿಹಿನೀರ ಬಾವಿ ಬಿಟ್ಟು ಬೇರೆ ನೀರು ಮುಟ್ಟಲಿಲ್ಲ. ಸಿರಿಯಕ್ಕ ಮತ್ತೆ ಬಸುರಿಯಾದಳು. ಅಷ್ಟರಲ್ಲಿ ಅದೇ ಬಾವಿಯ ಅಡಿಯಲ್ಲಿ ತಾಮ್ರದ ಎಳೆ ಇದೆಯೆಂದು ಗೊತ್ತಾಗಬೇಕೆ! ಬಾವಿ ಒಡೆದು ಗಣಿ ತೋಡುವುದೆಂದೂ, ಹಟ್ಟಿಯವರು ಕೆರೆಯ ನೀರನ್ನೇ ಕುಡಿಯಬೇಕೆಂದೂ ಅಪ್ಪಣೆ ಬಂತು. ಈ ಕೂಸೂ ಹೋಗುತ್ತದಲ್ಲಾ ಎಂದು ಕಾಟವ್ವ ನಾಯಕನ ಚಾವಡಿಗೆ ನಡೆದಳು.

ಮಲ್ಲರಸಯ್ಯ ನಕ್ಕುಬಿಟ್ಟನಂತೆ. ಕೆರೆಯಿಂದ ಕೊಡ ನೀರು ತರಿಸಿ, ನಾಯಕನ ಎದುರಿಗೇ ಒಂದು ಬೊಗಸೆ ಗಟಗಟನೆ ಕುಡಿದು ಮೀಸೆ ಒರೆಸಿಕೊಂಡ. ಅವನಿಗೇನೂ ಆಗಲಿಲ್ಲ. ನೆರೆದವರು ಶಹಭಾಸ್ ಎಂದರು, ಹಟ್ಟಿಯವರೇ ಕೆಲವರು ಮುದುಕಿಗೆ ಅರಳುಮರಳೆಂದು ಮೂಗು ಮುರಿದರು. ಕಾಟವ್ವ ಜಗ್ಗಲಿಲ್ಲ. “ತಾವು ಕುಡಿದದ್ದು ಒಂದು ಬೊಗಸೆ ಬುದ್ಧೀ. ನನ್ನ ಸೊಸೆ ದಿನಾ ಕುಡೀಬೇಕಲ್ಲ. ಕಬ್ಬಿಣದ ಮೈಯನ್ನೇ ಬದಲಾಯಿಸೋ ನೀರು ಕರುಳನ್ನ ಏನು ಮಾಡೀತು?” ಎಂದಳು. ಆಮೇಲೆ ನಾಯಕನ ಕಡೆ ತಿರುಗಿ ಹಟ್ಟಿಯ ಕಟ್ಟಳೆಯನ್ನು ನೆನಪಿಸಿದಳು. ಹೊರಗಿನಿಂದ ಬಂದವರು ಯಾರೇ ಆಗಲಿ, ಹಟ್ಟಿಯಲ್ಲಿ ಒಲೆ ಹೂಡಿ, ಹೆಂಡತಿ ಮಕ್ಕಳೊಂದಿಗೆ ಒಂದು ಮಳೆಗಾಲ ಬೇಯಿಸಿ ಉಣ್ಣುವ ತನಕ, ಅಲ್ಲಿಯ ನೀರು ಮೇವಿನ ಬಗ್ಗೆ ಅವರ ಮಾತು ನಡೆಯುವಂತಿರಲಿಲ್ಲ. ಸೂರಪ್ಪ ನಾಯಕನ ಹಿರಿಯರೂ ಒಪ್ಪಿ ನಡೆದ ಕಟ್ಟಳೆ ಅದು. ನಾಯಕ ಗದ್ದ ನೀವಿಕೊಂಡು, “ನ್ಯಾಯವಾಗೇ ಇದೆ. ಮಲ್ಲರಸಯ್ಯ, ನಿನಗೇನು ಕಷ್ಟ? ಹೋಗಿ ಆ ಕೆರೆಯ ನೀರಲ್ಲೇ ಸಂಸಾರ ಹೂಡು. ಮಳೆಗಾಲ ಕಳೆದ ಮೇಲೆ ಬಾವಿ ಒಡೆಸೋಣ” ಎಂದ.

ಹಟ್ಟಿಯವರೇ ಕಲ್ಲು ಹೊತ್ತು ಕೆರೆಯ ಏರಿಯ ಮೇಲೆ ಮನೆ ಕಟ್ಟಿದರು. ಕಾಟವ್ವ ತಾನೇ ಮಣ್ಣು ಕಲಸಿ ಒಲೆ ಹಾಕಿ, ಸೌದೆ ಒಟ್ಟಿ, ಕೆರೆಯ ನೀರು ತುಂಬಿಟ್ಟು ಕಾದಳು. ಮಲ್ಲರಸಯ್ಯ ಮೀನ ಮೇಷ ಎಣಿಸತೊಡಗಿದ. ಆಷಾಢ ಎಂದ, ಅತ್ತೆಗೆ ಹುಷಾರಿಲ್ಲ ಎಂದ, ಮಗುವಿಗೆ ಕೆಮ್ಮು ಎಂದ. ಕಡೆಗೆ ನಾಯಕ ತಾನೇ ಬಂದು ನೋಡುತ್ತೇನೆಂದ ಮೇಲೆ ಅವನ ಬಂಡಿಗಳು ಏರಿಗೆ ಬಂದವು. ಮೊದಲ ಬಂಡಿಯಲ್ಲಿ ಹೆಂಡತಿ ಮಕ್ಕಳು. ಹಿಂದಿನ ಬಂಡಿಗೆ ಕಂಬಳಿ ಹೊದಿಸಿತ್ತು. ಕಾಟವ್ವ ಕಂಬಳಿ ಎಳೆದಳು. ಬಾಯಿಗೆ ಬಟ್ಟೆ ಬಿಗಿದ ಕೊಡಗಳು, ಕೋಟೆಯ ಬಾವಿಯ ನೀರು ತುಂಬಿ ತುಳುಕುತ್ತಿದ್ದವು.

ಕಾಟವ್ವ ಕೆರೆಯ ನೀರನ್ನು ಬೊಗಸೆಯಲ್ಲಿ ಹಿಡಿದು, ಬೈಯದೆ, ಶಪಿಸದೆ, ಮಲ್ಲರಸಯ್ಯನ ಹೆಂಡತಿಯ ಮುಂದೆ ನಿಂತಳು. “ನಿನ್ನ ಮಗೂಗೆ ಕುಡಿಸ್ತೀಯೇನವ್ವ?” ಎಂದಳು. ಆ ತಾಯಿ ಮಗುವಿನ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಷ್ಟೇ ಸಾಕಾಯಿತು. ಬಂಡಿಗಳು ಬಂದ ದಾರಿಯಲ್ಲೇ ಹಿಂದಿರುಗಿದವು. ಒಲೆ ಹೂಡದವನ ಮಾತು ನಡೆಯಲಿಲ್ಲ; ಬಾವಿ ಹಟ್ಟಿಗೆ ಉಳಿಯಿತು, ಸಿರಿಯಕ್ಕನ ಕೂಸೂ ಉಳಿಯಿತು. ನಾವೆಲ್ಲ ಅದರ ಸಂತತಿಯೇ. ನಾಯಕ ಪಶ್ಚಾತ್ತಾಪಪಟ್ಟು ಕುಲುಮೆಗಳನ್ನೆಲ್ಲ ಮುಚ್ಚಿಸಿದ ಎಂದೂ ಕೆಲವರು ಹೇಳುತ್ತಾರೆ. ಯಾರ ಕಿವಿಗೆ ಹೂವಿಡುತ್ತಾರೆ! ಪಡುವಣ ಗುಡ್ಡದ ಹಿಂದೆ ಹೋಗಿ ನೋಡಿ, ಅಲ್ಲೂ ಕಿಟ್ಟದ ರಾಶಿಯಿದೆ. ಅಲ್ಲಿಯ ಹಟ್ಟಿಗೊಬ್ಬಳು ಕಾಟವ್ವ ಇರಲಿಲ್ಲ, ಈಗ ಆ ಹಟ್ಟಿಯೂ ಇಲ್ಲ.

ಏರಿಯ ಮೇಲಿನ ಮನೆಗೆ ಈಗ ಸೂರಿಲ್ಲ, ಗೋಡೆ ಮಾತ್ರ ನಿಂತಿದೆ. ಮೂಲೆಯಲ್ಲಿ ಒಲೆಯಿದೆ. ಪ್ರತಿ ಮಳೆಗಾಲದ ಮುಂಚೆ ನಮ್ಮ ಹೆಂಗಸರು ಅದಕ್ಕೆ ಮಣ್ಣು ಮೆತ್ತಿ ಸರಿಮಾಡುತ್ತಾರೆ, ಎಂದಾದರೂ ಯಾರಾದರೂ ಸಂಸಾರ ಹೂಡಲು ಬಂದಾರೆಂದು. ಎಷ್ಟೋ ದೊಡ್ಡ ಮನುಷ್ಯರು ಬಂದು, ನೀರು ಶುದ್ಧವಾಗಿದೆಯೆಂದು ಭಾಷಣ ಮಾಡಿ ಹೋಗಿದ್ದಾರೆ. ನೀವು ಬಂದಾಗ ಆ ಒಲೆಯ ಒಳಗೆ ಕೈಹಾಕಿ ಸವರಿ ನೋಡಿ. ಬೆರಳಿಗೆ ಚೂರೂ ಮಸಿ ಹತ್ತುವುದಿಲ್ಲ.