ನೇಕಾರ ಕೇಳಿದ ಫೋಟೋ

"ಗುರುಗಳೇ, ಕ್ಯಾಮೆರಾ ಒಳ್ಳೆಯದೆಂದು ಯಾವುದರಿಂದ ಅಳೆಯಬೇಕು? ಒಳಗೆ ಬೆಳಕು ಹಿಡಿಯುವ ಸೆನ್ಸರ್‌ನಿಂದಲೋ, ಕಣ್ಣಿಡುವ ವ್ಯೂಫೈಂಡರ್‌ನಿಂದಲೋ?" ಎಂದು ಶೈಲಶ್ರೀ ಕೇಳಿದಳು.

ಅವಳು ಗುರುಬಸಪ್ಪ ಮಾಸ್ತರರ ಬಳಿ ಫೋಟೋ ತೆಗೆಯುವುದನ್ನು ಕಲಿಯಲು ಬರತೊಡಗಿ ವರ್ಷವಾಗಿತ್ತು. ಈಚೆಗಂತೂ ಫೋಟೋ ತೆಗೆದದ್ದಕ್ಕಿಂತ ಕ್ಯಾಮೆರಾಗಳನ್ನು ಹೋಲಿಸಿ ನೋಡಿದ್ದೇ ಹೆಚ್ಚು. ಮಾಸ್ತರು ಕೇಳಿದ್ದಕ್ಕೆ ನೇರ ಉತ್ತರ ಕೊಡುವ ಪೈಕಿಯವರಲ್ಲ. ಕೂತುಕೋ ಎಂದು ಕೈ ತೋರಿಸಿ ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ನೇಕಾರನಿದ್ದ. ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ ಅವನದು. ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಊಟದ ಹೊತ್ತಿಗೇ ಏಳುವುದು. ವಯಸ್ಸಾಗಿ ಅವನ ಕಣ್ಣು ಮಂಜಾಗುತ್ತ ಬಂತು. ಮಗ್ಗದ ಮೇಲಿದ್ದ ಸೀರೆಯೇ ಕೊನೆಯದು, ಅದು ಮುಗಿದ ಕೂಡಲೇ ಮಗ್ಗ ಬಿಚ್ಚಿ ಗುಂಡಿ ಮುಚ್ಚುವುದೆಂದು ಮನೆಯವರೆಲ್ಲ ತೀರ್ಮಾನಿಸಿದರು. ಅವನೂ ಹೂಂ ಎಂದ. ಹೂಂ ಎಂದ ಮಾತ್ರಕ್ಕೆ ಒಳಗಿನ ಸಂಕಟ ಎಲ್ಲಿಗೆ ಹೋಗುತ್ತದೆ? ಓಣಿಯ ಫೋಟೋಗ್ರಾಫರನನ್ನು ಕರೆಸಿದ.

"ತಮ್ಮಾ, ನಾ ಮಗ್ಗದಾಗ ಕುಂತದ್ದು ಒಂದು ಫೋಟೋ ತೆಗದು ಕೊಡು. ನಮ್ಮಜ್ಜ ಹಿಂಗ ಕುಂಡ್ರತಿದ್ದ ಅಂತ ಮುಂದ ಹುಟ್ಟೋ ಮಕ್ಕಳು ನೋಡಲಿ."

ಫೋಟೋಗ್ರಾಫರ್ ಕೆಟ್ಟವನಲ್ಲ. ಮುದುಕನ ಮಾತಿಗೆ ಕರಗಿಹೋದ. ಇಂಥ ಚಿತ್ರಕ್ಕೆ ಕೈಗೆ ಸಿಕ್ಕಿದ ಕ್ಯಾಮೆರಾ ಸಾಲದು, ಎಲ್ಲಕ್ಕಿಂತ ಉತ್ತಮವಾದದ್ದೇ ಆಗಬೇಕು ಎಂದುಕೊಂಡ. ಮಹಾರಾಯ ಎಡವಿದ್ದೇ ಅಲ್ಲಿ. ಗೆಳೆಯರಿಂದ ಎರಡು ಕ್ಯಾಮೆರಾ ಇಸಿದುಕೊಂಡು ಬಂದ. ಒಂದರ ಸೆನ್ಸರ್ ಹಳೆಯ ಫಿಲ್ಮಿನ ಚೌಕಟ್ಟಿನಷ್ಟು ದೊಡ್ಡದು, ನೋಡಲು ಗಾಜಿನ ವ್ಯೂಫೈಂಡರ್. ಇನ್ನೊಂದರ ಸೆನ್ಸರ್ ಅದರ ಅರ್ಧಕ್ಕೂ ಕಡಿಮೆ, ನೋಡಲು ಪುಟ್ಟ ಪರದೆಯ ಎಲೆಕ್ಟ್ರಾನಿಕ್ ವ್ಯೂಫೈಂಡರ್.

ಮಗ್ಗದ ಕೋಣೆಯಲ್ಲಿ ಬೆಳಕು ಅಷ್ಟಕ್ಕಷ್ಟೇ. ದೊಡ್ಡ ಸೆನ್ಸರ್ ಆ ಮಬ್ಬನ್ನು ಚೊಕ್ಕವಾಗಿ ಹಿಡಿಯಿತು. ಆದರೆ ಗಾಜಿಗೆ ಕಣ್ಣಿಟ್ಟರೆ ಕೋಣೆ ಇದ್ದಷ್ಟೇ ಕತ್ತಲು, ಚಿತ್ರ ಹೇಗೆ ಬಂತೆಂಬುದು ತೆಗೆದ ಮೇಲೇ ಗೊತ್ತಾಗುವುದು. ಇನ್ನೊಂದರಲ್ಲಿ ಬರಲಿರುವ ಚಿತ್ರ ಮೊದಲೇ ನಿಚ್ಚಳವಾಗಿ ಕಾಣುತ್ತಿತ್ತು. ಆದರೆ ತೆಗೆದದ್ದನ್ನು ಹಿಗ್ಗಿಸಿದರೆ ನೆರಳಿನ ಜಾಗದಲ್ಲೆಲ್ಲ ರವೆ ಚೆಲ್ಲಿದ ಹಾಗೆ. ಯಾವುದನ್ನು ಬಿಡುವುದು, ಯಾವುದನ್ನು ಹಿಡಿಯುವುದು? ಪರೀಕ್ಷೆ ಮಾಡಿಯೇ ನೋಡೋಣ ಎಂದುಕೊಂಡ. ಸೆನ್ಸರ್ ಪರೀಕ್ಷೆಗೆ ಸೀರೆಯ ಎಳೆಗಿಂತ ಒಳ್ಳೆಯದು ಇನ್ನೇನು ಬೇಕು ಹೇಳು.

ದಿನಾ ಮಧ್ಯಾಹ್ನ ಬಂದ. ಮಗ್ಗದ ಮೇಲೆ ಬಾಗಿ ದಡಿಯನ್ನು ತೆಗೆದ, ಲಾಳಿ ಓಡುವುದನ್ನು ತೆಗೆದ. ಮನೆಗೆ ಹೋಗಿ ಹಿಗ್ಗಿಸಿ, ಯಾವುದರಲ್ಲಿ ಎಳೆ ಎಳೆಯೂ ಬಿಡಿಯಾಗಿ ಕಾಣುತ್ತದೆಂದು ನೋಡಿದ. ನೇಕಾರ ದಿನವೂ ಒಗೆದ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿ ಕೂರುತ್ತಿದ್ದ. ಒಂದು ದಿನ ಅವನ ತಲೆಯ ನೆರಳು ಬಟ್ಟೆಯ ಮೇಲೆ ಬಿತ್ತು. ಸ್ವಲ್ಪ ಹಿಂದಕ್ಕೆ ಸರಿಯಬೇಕೆಂದು ಫೋಟೋಗ್ರಾಫರ್ ಹೇಳಿದ. ಪಾಪ, ಮುದುಕ ಸರಿದು ಕೂತ. ಮಾರನೆಯ ದಿನದಿಂದ ಹೇಳಿಸಿಕೊಳ್ಳದೆಯೇ ಸರಿಯತೊಡಗಿದ. ಫೋಟೋ ತೆಗೆಯುವ ಕ್ರಮವೇ ಹೀಗಿರಬೇಕೆಂದು ಅವನು ತಿಳಿದಿದ್ದ.

ಇತ್ತ ಸೀರೆ ಯಾರಿಗೂ ಕಾಯದೆ ಬೆಳೆಯುತ್ತಿತ್ತು.

ಕೊನೆಗೆ ಫೋಟೋಗ್ರಾಫರ್ ಮೂರು ದಿನ ಮನೆಯಲ್ಲೇ ಕೂತು ಎಳೆಗಳನ್ನು ಹೋಲಿಸಿ, ಮನಸ್ಸು ಗಟ್ಟಿ ಮಾಡಿ ಎರಡರಲ್ಲಿ ಒಂದನ್ನು ಆರಿಸಿದ. ಇವತ್ತು ತೆಗೆದೇಬಿಡುತ್ತೇನೆಂದು ಉಬ್ಬಿಕೊಂಡು ಬಂದ. ಬಂದು ನೋಡಿದರೆ ಕೋಣೆಯಲ್ಲಿ ಮಗ್ಗವಿಲ್ಲ. ಗುಂಡಿ ಮುಚ್ಚಿ ನೆಲ ಸಾರಿಸಿದ್ದರು. ನೇಕಾರ ಗೋಡೆಗೆ ಒರಗಿ ಕೂತಿದ್ದ. ಇವನನ್ನು ಕಂಡು ಅವನ ಮುಖ ಅರಳಿತು.

"ಬಾ ತಮ್ಮಾ. ಮೊನ್ನೆ ಸೀರಿ ಇಳಿಸಿದ್ವಿ. ನೀ ದಿನಾ ಬಂದು ಅಷ್ಟೆಲ್ಲ ತೆಗದೀಯಲ್ಲ, ಅದರಾಗ ನನ್ನದೊಂದು ಚಲೋದು ನೋಡಿ ಕೊಡು."

ಫೋಟೋಗ್ರಾಫರ್ ಮನೆಗೆ ಓಡಿ, ತೆಗೆದದ್ದನ್ನೆಲ್ಲ ತೆರೆದು ಹುಡುಕಿದ. ಎಳೆಗಳಿದ್ದವು. ದಡಿಯಿತ್ತು, ಲಾಳಿಯಿತ್ತು. ಒಂದರಲ್ಲಿ ಮುದುಕನ ಮೊಣಕೈ ಇತ್ತು. ಮುಖ ಮಾತ್ರ ಒಂದರಲ್ಲೂ ಇರಲಿಲ್ಲ. ಅವನು ತಲೆಯ ಮೇಲೆ ಕೈ ಹೊತ್ತು ಕೂತು ಅತ್ತುಬಿಟ್ಟ.

ಮಾಸ್ತರು ಅಷ್ಟಕ್ಕೇ ನಿಲ್ಲಿಸಿದರು. ಶೈಲಶ್ರೀಗೆ ತಡೆಯಲಾಗಲಿಲ್ಲ. ಆ ಅಜ್ಜನಿಗೆ ಅವನು ಏನೆಂದು ಹೇಳಿದ, ಅಜ್ಜ ಅದನ್ನು ಹೇಗೆ ತಾಳಿಕೊಂಡ ಎಂದು ಮೇಲಿಂದ ಮೇಲೆ ಕೇಳಿದಳು. ಮಾಸ್ತರು ಅವಳು ಕೇಳುವುದೆಲ್ಲ ಮುಗಿಯುವವರೆಗೆ ಕಾದರು.

"ಅವನು ಕೊನೆಗೆ ಆರಿಸಿದ ಕ್ಯಾಮೆರಾ ಯಾವುದೆಂದು ನೀನು ಕೇಳಲೇ ಇಲ್ಲವಲ್ಲ ಮಗಳೇ."